ಋಷಿಮೂಲ, ನದೀಮೂಲ, ವಂಶಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂದು ನಮ್ಮ ಹಿರಿಯರು ಹೇಳಿದರು. ಹಾಗೆ ಹೇಳಿದವರೇ ಸುಗ್ಗಿ ಮುಗಿದ ಮೇಲೆ ಹೆಳವ ಬಂದಾಗ ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿ, ತಮ್ಮ ಮನೆತನದ ಹೆಸರುಗಳನ್ನು ಒಂದೊಂದಾಗಿ ಹೇಳಿಸಿ, ಕಿವಿದುಂಬ ಕೇಳಿದರು. ಮೂಲವನ್ನು ಕೇಳಬಾರದೆಂಬ ವಿವೇಕ, ಕೇಳದೆ ಇರಲಾರೆವೆಂಬ ಹಂಬಲ, ಇವೆರಡೂ ಮನುಷ್ಯನಲ್ಲಿ ಜೊತೆಯಾಗಿಯೇ ಇವೆ. ಈ ಹಂಬಲದಿಂದ ಹುಟ್ಟಿದ ಸಾಹಿತ್ಯ ಈಗ ಜಗತ್ತಿನ ಹಲವು ಭಾಷೆಗಳಲ್ಲಿ ಬೆಳೆದುನಿಂತಿದೆ. ಕಡಲು ದಾಟಿ ಹೋದ ಮುತ್ತಜ್ಜನನ್ನು ಹುಡುಕುವುದು, ಎಂದೋ ಕವಲೊಡೆದ ಬಂಧುಗಳನ್ನು ಕಂಡು ಮಾತನಾಡಿಸುವುದು, ಅದನ್ನೆಲ್ಲ ಗ್ರಂಥವಾಗಿಸುವುದು ಇಂದು ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೇ ಆಗಿದೆ. ಇಂಥ ಬರವಣಿಗೆ ಯಾವಾಗ ಸಾಹಿತ್ಯವಾಗುತ್ತದೆ, ಯಾವಾಗ ಬರಿಯ ಮನೆತನದ ಬಡಾಯಿಯಾಗಿ ಉಳಿಯುತ್ತದೆ ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ಇಲ್ಲಿ ನೋಡಬೇಕಾಗಿದೆ.

ಮೊದಲು ನಮ್ಮವನೇ ಆದ ಹೆಳವನ ಮಾತು. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯ ಒಕ್ಕಲುಮನೆಗಳಿಗೆ ಇವನು ಅಪರಿಚಿತನಲ್ಲ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಈತ ತನ್ನ ಪಾಲಿಗೆ ಬಂದ ಮನೆತನಗಳ ವಂಶಾವಳಿಯನ್ನು ಬಾಯಿಪಾಠವಾಗಿ ಬಲ್ಲ. ಹಳೆಯ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡೂ ಇರುತ್ತಾನೆ. ಮೂಲಪುರುಷ ಯಾವ ಊರಿನಿಂದ ಬಂದ, ಬರಗಾಲದಲ್ಲಿ ಯಾರು ಎತ್ತ ಹೋದರು, ಯಾವ ಅಣ್ಣತಮ್ಮಂದಿರು ಬೇರೆಯಾಗಿ ಯಾವ ಊರಲ್ಲಿ ನೆಲೆಸಿದರು ಎಂದು ಅವನು ಹೇಳುತ್ತ ಹೋದಂತೆ, ಕೇಳುವವನಿಗೆ ತಾನು ಒಂಟಿಯಲ್ಲವೆಂಬ ಧೈರ್ಯ ಬರುತ್ತದೆ. ಜೋಳ, ಬಟ್ಟೆ, ಕೆಲವೊಮ್ಮೆ ಒಂದು ಕರು ಅವನಿಗೆ ಸಿಗುವ ಸಂಭಾವನೆ. ಹೊಲದ ತಂಟೆ ಬಂದಾಗ ಹೆಳವನ ಪುಸ್ತಕವನ್ನು ತೆರೆದು ನೋಡಿದ್ದೂ ಉಂಟು. ಹೀಗೆ ದೂರದ ಬಂಧುಗಳನ್ನು ಕೂಡಿಸುವ ಕೆಲಸವನ್ನು ಯುರೋಪಿನ ಪತ್ರಾಗಾರಗಳು ಮಾಡುವ ಮೊದಲೇ ನಮ್ಮ ಎತ್ತಿನ ಸವಾರ ಮಾಡಿಕೊಂಡು ಬಂದಿದ್ದಾನೆ.

ಆದರೆ ಹೆಳವನಿಗೆ ಒಂದು ಮಿತಿಯಿದೆ. ಧಾನ್ಯ ಕೊಡುವ ಯಜಮಾನನ ಎದುರಿಗೆ ಕುಳಿತು ಅವನ ಮನೆತನವನ್ನು ಹೇಳುವವನು ಯಜಮಾನನಿಗೆ ಅಹಿತವಾದುದನ್ನು ಹೇಳುವುದು ಕಷ್ಟ. ಅದಲ್ಲದೆ ನಮ್ಮ ವಂಶಾವಳಿಗಳೆಲ್ಲ ಬಹುಮಟ್ಟಿಗೆ ಗಂಡಸರ ಯಾದಿಗಳು. ಬೇರೆ ಮನೆಯಿಂದ ಬಂದ ಹೆಣ್ಣು ಮಕ್ಕಳನ್ನು ಹೆತ್ತು ಆ ಯಾದಿಯನ್ನು ಮುಂದುವರಿಸುತ್ತಾಳೆ. ತಾನು ಮಾತ್ರ ಅದರಲ್ಲಿ ಕಾಣಿಸುವುದಿಲ್ಲ. ಈ ಎರಡು ಮಾತುಗಳನ್ನು, ಎಂದರೆ ಅಹಿತವಾದ ಸತ್ಯ ಮತ್ತು ಯಾದಿಯಲ್ಲಿ ಇಲ್ಲದ ಹೆಣ್ಣು ಎಂಬಿವನ್ನು, ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋದರೆ ಈ ಪ್ರಕಾರದ ಗ್ರಂಥಗಳನ್ನು ಅಳೆಯಲು ಒಂದು ಅಳತೆಗೋಲು ಸಿಕ್ಕಂತಾಗುತ್ತದೆ.

ಹೆಸರಿನ ಬಗೆಗೂ ಒಂದು ಎಚ್ಚರಿಕೆ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಪಾಟೀಲರೂ ಕುಲಕರ್ಣಿಯವರೂ ದೇಸಾಯರೂ ಓಣಿಗೊಬ್ಬರಿದ್ದಾರೆ. ಅವರೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದು ಯಾರೂ ಭಾವಿಸುವುದಿಲ್ಲ. ಹೆಸರು ಹೇಳುವುದು ಹುದ್ದೆಯನ್ನು, ರಕ್ತವನ್ನಲ್ಲ. ಫ್ರೆಂಚರಲ್ಲಿ 'ದ್ಯುಬುವಾ' ಎಂಬ ಅಡ್ಡಹೆಸರೂ ಹೀಗೆಯೇ ಸರ್ವೇಸಾಮಾನ್ಯವಾದುದು. ಕಾಡಿನ ಕಡೆಯವನು ಎಂದಷ್ಟೇ ಅದರ ಅರ್ಥ. ಈ ಹೆಸರಿನ ಇಬ್ಬರು ನಮ್ಮ ನಾಡಿನ ಚರಿತ್ರೆಯಲ್ಲಿ ಬರುತ್ತಾರೆ. ಹೆಸರು ಒಂದೆಂದು ಅವರನ್ನು ಬಂಧುಗಳಾಗಿಸಿದರೆ ಶೋಧ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.

ಒಬ್ಬರು ಅಬ್ಬೆ ದ್ಯುಬುವಾ. 1765ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಹುಟ್ಟಿ, ಕ್ರಾಂತಿಯ ಗದ್ದಲದಲ್ಲಿ 1792ರ ಸುಮಾರಿಗೆ ದೇಶ ಬಿಟ್ಟು, ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದು, 1823ರಲ್ಲಿ ಮರಳಿ ಹೋದ ಪಾದ್ರಿ. ಹಿಂದೂ ಆಚಾರವಿಚಾರಗಳನ್ನು ಕುರಿತ ಇವರ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಪಾದ್ರಿಗೆ ಸಂತಾನವಿಲ್ಲ, ಆದರೆ ಅವರ ಗ್ರಂಥಕ್ಕೇ ಒಬ್ಬ ಗುಪ್ತ ಪಿತೃ ಇದ್ದನೆಂಬುದು ಮುಂದೆ ಬಯಲಾಯಿತು. ಅದರ ಬಹುಭಾಗ ಹಿಂದಿನ ಶತಮಾನದ ಜೆಸುಯಿಟ್ ಪಾದ್ರಿ ಕೂರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ವಂಶಶೋಧ ಮನುಷ್ಯರಿಗೆ ಮಾತ್ರವಲ್ಲ, ಪುಸ್ತಕಗಳಿಗೂ ಬೇಕಾಗುತ್ತದೆ.

ಇನ್ನೊಬ್ಬರು ಜೂಲಿ ದ್ಯುಬುವಾ. ಆಕೆ ಫ್ರಾನ್ಸಿನ ಪ್ರಜೆಯಲ್ಲ. ಇಂದು ಸ್ವಿಟ್ಜರ್ಲೆಂಡಿಗೆ ಸೇರಿದ, ಆದರೆ ಮಾತಿನಿಂದ ಅಚ್ಚ ಫ್ರೆಂಚ್ ಆದ ನ್ಯೂಶಾತೆಲ್ ಪ್ರಾಂತದ ಕೋರ್ಸೆಲ್ ಎಂಬ ಊರಿನಲ್ಲಿ 1809ರಲ್ಲಿ ಹುಟ್ಟಿದಾಕೆ. ನ್ಯೂಶಾತೆಲಿಗೂ ಕನ್ನಡ ನಾಡಿಗೂ ಇರುವ ನಂಟು ಜೂಲಿಗಿಂತ ಹಳೆಯದು. ಆ ಪ್ರಾಂತದ ಷಾರ್ಲ್ ದಾನಿಯೆಲ್ ದ ಮ್ಯೂರೋನ್ ಎಂಬವನು 1781ರಲ್ಲಿ ಡಚ್ಚರ ಕಂಪನಿಗಾಗಿ ಒಂದು ದಂಡು ಕಟ್ಟಿದ. 1795ರಲ್ಲಿ ಆ ದಂಡು ಇಂಗ್ಲೀಷರ ಸೇವೆಗೆ ಬದಲಾಯಿಸಿತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಿತು. ಟಿಪ್ಪುವಿನ ಪಕ್ಷದಲ್ಲಿ ಫ್ರೆಂಚರು, ಎದುರುಪಕ್ಷದಲ್ಲಿಯೂ ಫ್ರೆಂಚ್ ಮಾತನಾಡುವವರು! ಮೊದಲಿನವರ ನೆನಪು ಪಾಂಡವಪುರದ ಹಳೆಯ ಹೆಸರಾದ ಫ್ರೆಂಚ್ ರಾಕ್ಸ್ ಎಂಬುದರಲ್ಲಿ ಉಳಿಯಿತು. ಎರಡನೆಯವರು ಶ್ರೀರಂಗಪಟ್ಟಣದ ದಂಡಿನ ಗೋರಿಗಳಲ್ಲಿ, ಕಾವೇರಿಯ ದಂಡೆಯಲ್ಲಿ, ತಮ್ಮ ಹೆಂಡಿರು ಮಕ್ಕಳೊಡನೆ ಮಲಗಿದರು. ಎರಡು ನೂರು ವರ್ಷ ಮುಳ್ಳುಕಂಟಿ ಬೆಳೆದಿದ್ದ ಆ ಗೋರಿಗಳನ್ನು ಈ ಶತಮಾನದ ಮೊದಲ ದಶಕದಲ್ಲಿ ಮ್ಯೂರೋನ್ ಮನೆತನದ ವಂಶಜರು ಸ್ವಿಟ್ಜರ್ಲೆಂಡಿನಿಂದ ನೆರವು ನೀಡಿ ದುರಸ್ತಿ ಮಾಡಿಸಿದರು. ದೂರದ ಬಂಧುಗಳು ಬಂದು ಕಂಡುಕೊಂಡುದಕ್ಕೆ ನಮ್ಮ ನಾಡಿನಲ್ಲಿಯೇ ಇರುವ ಒಳ್ಳೆಯ ನಿದರ್ಶನವಿದು.

ಜೂಲಿ ಬಂದದ್ದು ಕತ್ತಿಯೊಡನೆ ಅಲ್ಲ. 1836ರಲ್ಲಿ ನಾರಿಸ್ ಗ್ರೋವ್ಸ್ ಎಂಬ ಧರ್ಮಪ್ರಚಾರಕನ ತಂಡದಲ್ಲಿ ಆಕೆ ಮದ್ರಾಸಿನ ಕಡೆಗೆ ಬಂದಳು. ಅದೇ ತಂಡದಲ್ಲಿ ಹರ್ಮನ್ ಗುಂಡರ್ಟ್ ಎಂಬ ಜರ್ಮನ್ ತರುಣ ವಿದ್ವಾಂಸರಿದ್ದರು. 1838ರಲ್ಲಿ ಚಿತ್ತೂರಿನಲ್ಲಿ ಇಬ್ಬರ ಮದುವೆಯಾಯಿತು. ಅದೇ ವರ್ಷದ ಕೊನೆಗೆ ದಂಪತಿಗಳು ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನನ್ನು ಸೇರಿದರು. 1839ರಲ್ಲಿ ತಲಶ್ಶೇರಿಗೆ ಹೋಗಿ ನೆಲೆಸಿದರು. ಆ ಮಿಶನ್ನು ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ತನ್ನ ಠಾಣ್ಯಗಳನ್ನು ತೆರೆದಿತ್ತು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರು ಗುಂಡರ್ಟರ ಆಪ್ತಮಿತ್ರರು. ಅವರ ಜೀವನಚರಿತ್ರೆಯನ್ನು 1882ರಲ್ಲಿ ಗುಂಡರ್ಟರೇ ಬರೆದರು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ಲರು ಧಾರವಾಡದಲ್ಲಿ ಕನ್ನಡದ ಓದು ಬರಹ ನಡೆಸಿ, 1894ರಲ್ಲಿ ತಮ್ಮ ಮಹಾಕೋಶವನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿಯೇ ಬಂದಿತ್ತು. ಎಂದರೆ ಧಾರವಾಡದ ಕಿಟೆಲ್ಲರೂ ತಲಶ್ಶೇರಿಯ ಗುಂಡರ್ಟರೂ ಒಂದೇ ಅವಿಭಕ್ತ ಕುಟುಂಬದವರು. ಆ ಕುಟುಂಬದಲ್ಲಿ ಫ್ರೆಂಚ್ ಮಾತಿನ ಒಬ್ಬ ಸೊಸೆಯಿದ್ದಳೆಂಬುದನ್ನು ನಾವು ನೆನೆಯುವುದು ಕಡಿಮೆ.

ಜೂಲಿ ಮಲಬಾರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು. 1842ರಲ್ಲಿ ತಲಶ್ಶೇರಿಯಲ್ಲಿ ಮಗಳು ಮಾರೀ ಹುಟ್ಟಿದಳು. ಮಿಶನರಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯುರೋಪಿಗೆ ಕಳಿಸಿಬಿಡುವುದು ಅಂದಿನ ಪದ್ಧತಿ. ಮಾರೀ ಕೂಡ ಹಾಗೆ ಹೋದಳು. ಹದಿನೈದರ ವಯಸ್ಸಿನಲ್ಲಿ, 1857ರಲ್ಲಿ, ಮತ್ತೆ ತಾಯಿತಂದೆಗಳ ಬಳಿಗೆ ಬಂದಳು. ಪರರ ಮಕ್ಕಳಿಗೆ ಅಕ್ಷರ ಕಲಿಸಿದ ತಾಯಿ ತನ್ನ ಮಗಳ ಬಾಲ್ಯವನ್ನು ಕಾಣಲಿಲ್ಲ. ದೂರದ ಬಂಧುಗಳನ್ನು ಹುಡುಕುವುದೆಂದರೆ ಮೂರು ತಲೆಮಾರಿನ ಆಚೆಗೆ ಹೋಗಬೇಕೆಂದಿಲ್ಲ. ಈ ಮನೆಯಲ್ಲಿ ತಾಯಿ ಮಗಳೇ ದೂರದ ಬಂಧುಗಳಾಗಿದ್ದರು.

ಈ ಮಾರೀ ಮುಂದೆ ಮಂಗಳೂರಿನಲ್ಲಿ 1869ರಿಂದ 1873ರವರೆಗೆ ಕೆಲಸ ಮಾಡಿ ಮರಳಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ 1946ರ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆ. 'ಸಿದ್ಧಾರ್ಥ'ದ ಲೇಖಕನಾಗಿ ಕನ್ನಡ ಓದುಗರಿಗೂ ಅವನು ಪರಿಚಿತ.

ಹೆಸ್ಸೆ ತನ್ನ ಹಿರಿಯರ ನಾಡನ್ನು ಹುಡುಕಿಕೊಂಡು 1911ರಲ್ಲಿ ಹಡಗು ಹತ್ತಿದ. ಪಿನಾಂಗ್, ಸಿಂಗಪುರ, ಸುಮಾತ್ರಾ, ಸಿಂಹಳಗಳನ್ನು ಕಂಡ. ಮೈಗೆ ಸೌಖ್ಯವಿಲ್ಲದೆ, ಮನಸ್ಸಿಗೆ ತೃಪ್ತಿಯಿಲ್ಲದೆ ಮರಳಿದ. ತಾಯಿ ಹುಟ್ಟಿದ ತಲಶ್ಶೇರಿಯನ್ನಾಗಲಿ ತಂದೆ ದುಡಿದ ಮಂಗಳೂರನ್ನಾಗಲಿ ಅವನು ಕಾಣಲಿಲ್ಲ. ಆದರೂ 1913ರಲ್ಲಿ ಬಂದ ಆ ಪ್ರವಾಸದ ಪುಸ್ತಕಕ್ಕೆ 'ಭಾರತದಿಂದ' ಎಂದೇ ಹೆಸರಿಟ್ಟ! ಸಾಹಿತ್ಯವಾಗಿ ಆ ಪುಸ್ತಕ ಸಾಧಾರಣವಾದದ್ದು. ಅಲ್ಲಿರುವುದು ಬಿಸಿಲು, ಬೆವರು, ಬಣ್ಣ ಮತ್ತು ಬಿಳಿಯ ಪ್ರವಾಸಿಯ ಬೇಸರ. ಹುಡುಕಿಕೊಂಡು ಹೊರಟವನಿಗೆ ಏನೂ ಸಿಗಲಿಲ್ಲ. ಹತ್ತು ವರ್ಷಗಳ ಮೇಲೆ, ಯುದ್ಧದಿಂದಲೂ ಮನೆಯ ಕಷ್ಟಗಳಿಂದಲೂ ಜರ್ಜರಿತನಾಗಿ, ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯಲ್ಲಿ ಕುಳಿತಾಗ 1922ರ 'ಸಿದ್ಧಾರ್ಥ' ಹೊರಬಂತು. ಅದರ ಮೊದಲ ಭಾಗವನ್ನು ಫ್ರೆಂಚ್ ಲೇಖಕ ರೋಮಾಂ ರೋಲಾಂಗೆ, ಎರಡನೆಯ ಭಾಗವನ್ನು ಗುಂಡರ್ಟ್ ಮನೆತನದ ತನ್ನ ಸೋದರಬಂಧು ವಿಲ್ಹೆಲ್ಮ್ ಗುಂಡರ್ಟನಿಗೆ ಅರ್ಪಿಸಿದ.

ಈ ಕಾದಂಬರಿಯಲ್ಲಿ ಮನೆಬಿಟ್ಟು ಹೋದ ಬ್ರಾಹ್ಮಣಕುಮಾರ ಮುಂದೆ ತಾನೇ ತಂದೆಯಾಗಿ, ತನ್ನ ಮಗನೂ ತನ್ನನ್ನು ಬಿಟ್ಟುಹೋಗುವುದನ್ನು ಕಂಡು ನದಿಯ ದಂಡೆಯಲ್ಲಿ ಅಳುತ್ತಾನೆ. ತನ್ನ ತಂದೆ ಅಂದು ಪಟ್ಟ ದುಃಖ ಅವನಿಗೆ ಅರ್ಥವಾಗುವುದು ಆಗಲೇ. ಹೆಸ್ಸೆಯ ಮನೆತನವೆಂದರೆ ತಲೆಮಾರು ತಲೆಮಾರಿಗೆ ತಾಯಿತಂದೆಗಳನ್ನು ಬಿಟ್ಟುಹೋದವರ ಮನೆತನ. ಸಿದ್ಧಾರ್ಥನ ಕಣ್ಣೀರಿನಲ್ಲಿ ಆ ವಂಶದ ಕಥೆಯೆಲ್ಲ ಕರಗಿಹೋಗಿದೆ ಎಂದು ನಮಗೆ ತೋರುತ್ತದೆ. ಪೂರ್ವಜರ ಊರನ್ನು ಹುಡುಕಿದಾಗ ಬಾರದ ಪುಸ್ತಕ ಪೂರ್ವಜರ ದುಃಖವನ್ನು ಅನುಭವಿಸಿದಾಗ ಬಂತು. ವಂಶಶೋಧದ ಸಾಹಿತ್ಯಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಆದರೆ ಹೆಸ್ಸೆಯಲ್ಲಿಯೂ ಹೆಳವನ ದೋಷವಿದೆ. ತನ್ನ ಬಾಲ್ಯವನ್ನು ಕುರಿತು 1923ರಲ್ಲಿ ಬರೆದ ಪುಟಗಳಲ್ಲಿ ಹಲವು ಭಾಷೆ ಬಲ್ಲ, ಭಾರತದ ಗುಟ್ಟುಗಳನ್ನೆಲ್ಲ ಗಡ್ಡದಲ್ಲಿ ಅಡಗಿಸಿಕೊಂಡಂತಿದ್ದ ಅಜ್ಜ ಗುಂಡರ್ಟರು ಮಾಂತ್ರಿಕನಂತೆ ಬರುತ್ತಾರೆ. ಅಜ್ಜನಿಗೆ ದೊರೆತಷ್ಟು ಸ್ಥಳ ಅಜ್ಜಿ ಜೂಲಿಗೆ ದೊರೆಯಲಿಲ್ಲ. 1885ರಲ್ಲಿ ಆಕೆ ತೀರಿಕೊಂಡಾಗ ಹೆಸ್ಸೆ ಎಂಟು ವರ್ಷದ ಬಾಲಕ; ಅಜ್ಜ ಬದುಕಿದ್ದುದು 1893ರವರೆಗೆ. ವಯಸ್ಸಿನ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು, ನಿಜ. ಆದರೂ ಮನೆಯ ಹೆಂಗಸರ ಚರಿತ್ರೆಯನ್ನು ಕೂಡಿಸಿಟ್ಟವಳು ಹೆಸ್ಸೆಯ ಅಕ್ಕ ಆಡೆಲೆ. ತಾಯಿ ಮಾರೀಯ ಪತ್ರಗಳನ್ನೂ ದಿನಚರಿಗಳನ್ನೂ ಆಕೆ 1934ರಲ್ಲಿ ಪ್ರಕಟಿಸಿದಳು. ತಮ್ಮನ ಕೀರ್ತಿಯ ನೆರಳಿನಲ್ಲಿ ಮರೆಯಾದ ಆ ಪುಸ್ತಕವಿಲ್ಲದಿದ್ದರೆ ಮಾರೀಯ ದನಿಯೇ ನಮಗೆ ಕೇಳುತ್ತಿರಲಿಲ್ಲ.

ಇಂಗ್ಲೀಷಿನಲ್ಲಿ ಈ ಪ್ರಕಾರದ ಪ್ರಸಿದ್ಧ ಗ್ರಂಥವೆಂದರೆ ವಿಲಿಯಂ ಡಾಲ್ರಿಂಪಲ್ ಅವರ 2002ರ 'ವೈಟ್ ಮುಘಲ್ಸ್'. ಹೈದರಾಬಾದಿನ ರೆಸಿಡೆಂಟನಾಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾರ ಪ್ರೇಮಕಥೆ ಅದರ ವಸ್ತು. ಶೋಧದ ನಡುವೆ ಲೇಖಕರಿಗೆ ತಮ್ಮ ವಂಶದ ಮೂಲವೂ ಸಿಕ್ಕಿತು. ಫ್ರಾನ್ಸಿನಿಂದ ಪುದುಚೇರಿಗೆ ಬಂದ ಷೆವಾಲಿಯೆ ದ ಲೆತಾಂಗ್ ಎಂಬವನೂ ಅವನ ಹೆಂಡತಿ ತೆರೇಸಳೂ ಅವರ ಪೂರ್ವಜರು. ತೆರೇಸಳ ತಾಯಿಯ ಕಡೆಗೆ ಬಂಗಾಳದ ರಕ್ತವಿತ್ತೆಂದು ಡಾಲ್ರಿಂಪಲ್ ಬರೆಯುತ್ತಾರೆ. ಕಾದಂಬರಿಗಾರ್ತಿ ವರ್ಜಿನಿಯಾ ವುಲ್ಫ್ ಇದೇ ಲೆತಾಂಗನ ಮರಿಮೊಮ್ಮಗಳ ಮಗಳು. ಇಂಥ ಸಂಬಂಧಗಳನ್ನು ಬಿಡಿಸಿಹೇಳುವಾಗ ಲೇಖಕರ ಉತ್ಸಾಹ ಕೆಲವೆಡೆ ಕಾಗದಪತ್ರಗಳಿಗಿಂತ ಮುಂದೆ ಓಡುತ್ತದೆ. ಅರಮನೆಯ ಅತ್ತರಿನ ವಾಸನೆ ತುಸು ಹೆಚ್ಚೇ ಬಂತೆನಿಸುತ್ತದೆ.

ಆದರೂ ಗ್ರಂಥದ ಕೊನೆಯ ಭಾಗ ಮನಸ್ಸನ್ನು ಹಿಡಿದುಬಿಡುತ್ತದೆ. 1805ರಲ್ಲಿ ಎಳೆಯ ಮಕ್ಕಳಿಬ್ಬರನ್ನೂ ಹೈದರಾಬಾದಿನಿಂದ ಇಂಗ್ಲೆಂಡಿಗೆ ಕಳಿಸಲಾಯಿತು. ತಾಯಿ ಖೈರುನ್ನಿಸಾ ಅವರನ್ನು ಮತ್ತೆ ಕಾಣದೆ 1813ರಲ್ಲಿ ತೀರಿಕೊಂಡಳು. ಸಾಹಿಬ್ ಬೇಗಮ್ ಎಂಬ ಹೆಸರಿನ ಮಗು ಕಿಟ್ಟಿಯಾಗಿ ಬೆಳೆದು, ಮದುವೆಯಾಗಿ, ನಡುವಯಸ್ಸಿನಲ್ಲಿ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿ ಶರಫುನ್ನಿಸಾಳಿಗೆ ಪತ್ರ ಬರೆದಳು. ಇಂಗ್ಲೀಷು ಬಾರದ ಅಜ್ಜಿ, ಪಾರಸಿ ಬಾರದ ಮೊಮ್ಮಗಳು, ನಡುವೆ ಭಾಷಾಂತರಕಾರರು. 1840ರ ದಶಕದ ಆ ಪತ್ರವ್ಯವಹಾರದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಂಡುಕೊಂಡರು, ಮುಖತಃ ಭೆಟ್ಟಿಯಾಗಲಿಲ್ಲ. ಇಲ್ಲಿ ಮನೆತನದ ಹೆಮ್ಮೆ ಉಳಿಯುವುದಿಲ್ಲ, ಅಗಲಿಕೆಯೊಂದೇ ಉಳಿಯುತ್ತದೆ. ಅದಕ್ಕಾಗಿಯೇ ಇದು ಸಾಹಿತ್ಯ.

ಇದಕ್ಕೆ ವಿರುದ್ಧವಾದ ಅಪಾಯವನ್ನು ಅಲೆಕ್ಸ್ ಹೇಲಿಯ 1976ರ 'ರೂಟ್ಸ್' ತೋರಿಸುತ್ತದೆ. ಅಮೇರಿಕೆಯ ಈ ನೀಗ್ರೋ ಸಂತತಿಯ ಲೇಖಕ ಗ್ಯಾಂಬಿಯಾ ದೇಶದ ಒಂದು ಹಳ್ಳಿಗೆ ಹೋಗಿ, ಅಲ್ಲಿಯ ವಂಶಗಾಯಕನ ಬಾಯಿಂದ ತನ್ನ ಮೂಲಪುರುಷನ ಹೆಸರನ್ನು ಕೇಳಿದೆನೆಂದು ಬರೆದ. ಆಫ್ರಿಕದ ಆ ಗಾಯಕನೂ ಒಂದು ಬಗೆಯ ಹೆಳವನೇ. ಆದರೆ ಅವನು ಪರಂಪರೆಯಿಂದ ಕಲಿತ ಗಾಯಕನಲ್ಲವೆಂದೂ, ಬಂದವನು ಏನನ್ನು ಕೇಳಬಯಸುತ್ತಾನೆಂಬುದು ಅಲ್ಲಿಯವರಿಗೆ ಮೊದಲೇ ಗೊತ್ತಿತ್ತೆಂದೂ ಇತಿಹಾಸಕಾರರು ಮುಂದೆ ತೋರಿಸಿದರು. ಬೇರೊಬ್ಬರ ಕಾದಂಬರಿಯಿಂದ ಕೆಲವು ಭಾಗಗಳು ಬಂದಿವೆಯೆಂಬ ವ್ಯಾಜ್ಯವೂ ನಡೆದು 1978ರಲ್ಲಿ ರಾಜಿಯಾಯಿತು. ಗುಲಾಮರ ಹಡಗಿನ ಲೆಕ್ಕದಲ್ಲಿ ತಲೆಗಳ ಸಂಖ್ಯೆಯಿರುತ್ತಿತ್ತು, ಹೆಸರಿರುತ್ತಿರಲಿಲ್ಲ. ಹೆಸರು ಕಳೆದುಕೊಂಡ ಲಕ್ಷಾಂತರ ಜನರಿಗೆ ಒಂದು ಹೆಸರು ಬೇಕಾಗಿತ್ತು. ಹೇಲಿ ಅದನ್ನು ಕೊಟ್ಟ. ಕಾದಂಬರಿಯೆಂದು ಕೊಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಚರಿತ್ರೆಯೆಂದು ಕೊಟ್ಟುದರಿಂದ ಹಸಿದವನಿಗೆ ಹುಸಿ ಅನ್ನ ಬಡಿಸಿದಂತಾಯಿತು.

ಕನ್ನಡಕ್ಕೆ ಬಂದರೆ, ಕೆಲಕಾಲ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಸ್. ಎಲ್. ಭೈರಪ್ಪನವರ 1965ರ 'ವಂಶವೃಕ್ಷ' ಈ ಪ್ರಶ್ನೆಯನ್ನು ಬುಡಕ್ಕೇ ಕೊಂಡೊಯ್ದ ಕೃತಿ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಜೀವಮಾನವೆಲ್ಲ ವಂಶದ ಪಾವಿತ್ರ್ಯವನ್ನು ಕಾಯುತ್ತಾರೆ. ಅದಕ್ಕಾಗಿ ತಾವೂ ನೋಯುತ್ತಾರೆ, ವಿಧವೆ ಸೊಸೆಯನ್ನೂ ನೋಯಿಸುತ್ತಾರೆ. ಕೊನೆಗೆ ಮನೆಯ ಹಳೆಯ ಕಾಗದಗಳಿಂದಲೇ ತಾವು ಆ ವಂಶದ ರಕ್ತದವರಲ್ಲವೆಂಬುದನ್ನು ತಿಳಿಯುತ್ತಾರೆ. ಕಾತ್ಯಾಯನಿಯ ಪುನರ್ವಿವಾಹಕ್ಕೆ ಲೇಖಕರು ಕೊಟ್ಟ ದುರಂತ ನ್ಯಾಯವಾದುದೆ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಮಗೂ ಅದು ಅತಿಯಾದ ಶಿಕ್ಷೆಯೆಂದೇ ತೋರುತ್ತದೆ. ಆದರೆ ವಂಶಶೋಧದ ಫಲ ಅಹಿತವಾದರೂ ಶೋಧಿಸಿದವನು ಅದನ್ನು ತಲೆಬಾಗಿ ಸ್ವೀಕರಿಸಬೇಕೆಂಬ ಧೈರ್ಯ ಈ ಕಾದಂಬರಿಯಲ್ಲಿದೆ. ಹೆಳವ ಹೇಳಲಾರದ ಮಾತನ್ನು ಕಾದಂಬರಿಕಾರರು ಹೇಳಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಮತೆಯನ್ನು ಗುರುತಿಸದೆ ಬಿಡಲಾಗದು. ಹಿರಿಯರನ್ನು ಹುಡುಕುವ ಯುರೋಪಿಯನ್ನನಿಗೆ ಕಾಗದದ ನೆರವು ಹೇರಳ. ಪುದುಚೇರಿಯ ಫ್ರೆಂಚರ ಜನನ, ಮರಣ, ವಿವಾಹಗಳ ದಫ್ತರ ಫ್ರಾನ್ಸಿನ ಎಕ್ಸ್ ನಗರದ ಪತ್ರಾಗಾರದಲ್ಲಿದೆ. ಕಂಪನಿಯ ಕಾಲದ ಇಂಗ್ಲೀಷರ ದೀಕ್ಷಾಸ್ನಾನ, ಶವಸಂಸ್ಕಾರಗಳ ಪಟ್ಟಿ ಲಂಡನ್ನಿನಲ್ಲಿದೆ. ಬಾಸೆಲ್ಲಿನ ಪತ್ರಾಗಾರದಲ್ಲಿ ಒಬ್ಬೊಬ್ಬ ಮಿಶನರಿಯ ಪತ್ರಗಳೂ ಚಿತ್ರಗಳೂ ಜತನವಾಗಿವೆ. ಅದರಿಂದಲೇ ಕಿಟೆಲ್ಲರ ವಂಶಜರು ಧಾರವಾಡಕ್ಕೆ ಬಂದು ತಮ್ಮ ಹಿರಿಯರ ನೆಲವನ್ನು ಮುಟ್ಟಿಹೋಗಲು ಸಾಧ್ಯವಾಯಿತು. ಅದೇ ಧಾರವಾಡದಿಂದ ಕೆಲವೇ ಹರದಾರಿಯಲ್ಲಿ, ಕಲಘಟಗಿ, ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಇವರ ಹಿರಿಯರು ಆಫ್ರಿಕದಿಂದ ಬಂದವರೆಂಬುದು ಮುಖವೇ ಹೇಳುತ್ತದೆ. 2011ರಲ್ಲಿ ಪ್ರಕಟವಾದ ರಕ್ತಪರೀಕ್ಷೆಯ ಸಂಶೋಧನೆಗಳೂ ಅದನ್ನು ಸಾರಿದವು. ಆದರೆ ಯಾವ ಊರಿನಿಂದ, ಯಾವ ತಾಯಿಯ ಮಡಿಲಿನಿಂದ ಎಂದು ಹೇಳುವ ಕಾಗದವಿಲ್ಲ. ಅವರಿಗಾಗಿ ಗಂಟೆ ಬಾರಿಸುತ್ತ ಬರುವ ಹೆಳವನೂ ಇಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿಯವರನ್ನು 2020ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅದು ಸರಕಾರದ ಯಾದಿ, ಮನೆತನದ ಯಾದಿಯಲ್ಲ.

ಆದ್ದರಿಂದ ಈ ಪ್ರಕಾರಕ್ಕೆ ಕನ್ನಡದಲ್ಲಿ ಇನ್ನೂ ಆಗಬೇಕಾದ ಕೆಲಸ ಬಹಳವಿದೆ. ಡಾ. ಶ್ರೀನಿವಾಸ ಹಾವನ��ರರು 1974ರ 'ಹೊಸಗನ್ನಡದ ಅರುಣೋದಯ'ದಲ್ಲಿ ಮಿಶನರಿಗಳ ಸಾಹಿತ್ಯಸೇವೆಯನ್ನು ತೂಗಿನೋಡಿ ದಾರಿ ಹಾಕಿಕೊಟ್ಟಿದ್ದಾರೆ. ಆ ದಾರಿಯಲ್ಲಿ ಮುಂದುವರಿದು, ಮಿಶನ್ ಬಂಗಲೆಗಳ ಒಳಮನೆಯನ್ನು ನೋಡುವವರು ಬೇಕು. ಜೂಲಿಯಂಥವರು ಏನು ಕಲಿಸಿದರು, ಅವರಲ್ಲಿ ಕಲಿತ ನಮ್ಮ ಹುಡುಗಿಯರು ಯಾರು, ಅವರ ಮೊಮ್ಮಕ್ಕಳು ಇಂದು ಯಾವ ಓಣಿಯಲ್ಲಿದ್ದಾರೆ? ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯ ಸಭೆಗಳ ಹಳೆಯ ದಾಖಲೆ ಪುಸ್ತಕಗಳನ್ನೂ ಬಾಸೆಲ್ಲಿನ ಪತ್ರಗಳನ್ನೂ ಎದುರುಬದುರು ಇಟ್ಟು ಓದಿದರೆ ಉತ್ತರ ತಕ್ಕಮಟ್ಟಿಗೆ ಸಿಕ್ಕೀತು. ಹೆಳವರ ಪುಸ್ತಕಗಳನ್ನು ಜೀರ್ಣವಾಗುವ ಮುನ್ನ ನಕಲು ಮಾಡಿಸುವುದು, ಸಿದ್ದಿ ಮುದುಕಿಯರ ಹಾಡು ಕತೆಗಳನ್ನು ಬರೆದಿಡುವುದು ಇದೇ ಕೆಲಸದ ಭಾಗಗಳು. 1939ರಿಂದ ಕನ್ನಡ ಸಂಶೋಧನ ಸಂಸ್ಥೆಯನ್ನು ಹೊತ್ತುನಿಂತ ಧಾರವಾಡಕ್ಕೆ ಇದು ಎಟುಕದ ಕೆಲಸವಲ್ಲ.

ಮನೆಮಾತು ಮರಾಠಿಯಾದ ಬೇಂದ್ರೆಯವರು ಕನ್ನಡದ ವರಕವಿಯಾದ ಊರು ಇದು. ಜರ್ಮನ್ ಪಾದ್ರಿಯೊಬ್ಬರು ಕನ್ನಡದ ಶಬ್ದಗಳನ್ನು ಕಾಳಿನಂತೆ ಆರಿಸಿದ ಊರು. ಇಲ್ಲಿ ವಂಶಮೂಲವನ್ನು ಕೇಳಲು ಅಂಜಬೇಕಾದುದಿಲ್ಲ. ಕೇಳುವವನು ಹೆಮ್ಮೆಗಾಗಿ ಕೇಳದೆ, ಯಾದಿಯಿಂದ ಬಿಟ್ಟುಹೋದವರಿಗಾಗಿ ಕೇಳಿದರೆ ಸಾಕು. ಅಂಥ ಒಂದು ಗ್ರಂಥ, ಮೊದಲು ಜೂಲಿಯನ್ನು ಕುರಿತೇ ಆಗಲಿ, ಕನ್ನಡದಲ್ಲಿ ಬೇಗನೆ ಬರಲೆಂದು ಹಾರೈಸುತ್ತೇವೆ.